ಬನ್ನಿ ಎಂದು ಕರೆದವರ ಹೊಣೆ

2017ರಲ್ಲಿ ತುರ್ಕಿ ಅಧ್ಯಕ್ಷ ಎರ್ಡೊಗಾನ್ ಅವರ ಅಧಿಕಾರ ಹೆಚ್ಚಿಸುವ ಜನಮತಗಣನೆ ನಡೆದಾಗ ಬೆಲ್ಜಿಯಂನ ತುರ್ಕಿ ಮೂಲದವರು ಚಲಾಯಿಸಿದ ಮತಗಳಲ್ಲಿ ಸುಮಾರು ಶೇ 75ರಷ್ಟು ಎರ್ಡೊಗಾನ್ ಪರವಾಗಿದ್ದವು. ಒಟ್ಟು ಫಲಿತಾಂಶದಲ್ಲಿ ಈ ಪ್ರಮಾಣ ಶೇ 51ರಷ್ಟಿತ್ತು. ಇಲ್ಲಿ ಹುಟ್ಟಿ, ಇಲ್ಲಿನ ಅನ್ನ ಉಂಡು ಬೆಳೆದವರ ಮನಸ್ಸು ಅಂಕಾರಾದಲ್ಲೇಕೆ ಎಂಬ ಪ್ರಶ್ನೆ ಬೆಲ್ಜಿಯಂನಲ್ಲಿ ಎದ್ದಿತು. ಇವರು ಬಂದ ದಾರಿಯನ್ನು ಮರೆತವರು ಮಾತ್ರ ಹೀಗೆ ಕೇಳಬಲ್ಲರು.

1956ರ ಆಗಸ್ಟ್ 8ರಂದು ಬೆಲ್ಜಿಯಂನ ಮಾರ್ಸಿನೆಲ್ ಕಲ್ಲಿದ್ದಲು ಗಣಿಗೆ ಬೆಂಕಿ ಬಿದ್ದು 262 ಮಂದಿ ಸತ್ತರು. ಅವರಲ್ಲಿ 136 ಮಂದಿ ಇಟಲಿಯವರು. ಇಟಲಿ ಕಾರ್ಮಿಕರನ್ನು ಕಳಿಸುವುದನ್ನು ನಿಲ್ಲಿಸಿತು. ಸುರಂಗಕ್ಕಿಳಿಯುವ ಕೈಗಳನ್ನು ಬೇರೆ ಕಡೆ ಹುಡುಕುತ್ತಾ ಹೋದ ಬೆಲ್ಜಿಯಂ, 1964ರ ಜುಲೈನಲ್ಲಿ ತುರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ದುಡಿದು ವಾಪಸ್ ಹೋಗಿ ಎಂದು ಅದು ಹೇಳಲಿಲ್ಲ. ಜನನ ಪ್ರಮಾಣ ಕುಸಿಯುತ್ತಿದ್ದ ದೇಶ ಅದು. ಹೆಂಡತಿ ಮಕ್ಕಳನ್ನೂ ಕರೆತನ್ನಿ ಎಂದು ಸರ್ಕಾರದ ಕಿರುಹೊತ್ತಿಗೆಯೇ ಆಹ್ವಾನಿಸಿತ್ತು.

ಬಂದವರಲ್ಲಿ ಬಹಳಷ್ಟು ಮಂದಿ ಅಫ್ಯೋನ್ ಪ್ರಾಂತ್ಯದ ಎಮಿರ್‌ದಾ ಎಂಬ ಒಂದೇ ಸೀಮೆಯವರು. ಅಣ್ಣನ ಹಿಂದೆ ತಮ್ಮ, ತಮ್ಮನ ಹಿಂದೆ ಅವನ ಭಾವಮೈದುನ. ಬ್ರಸೆಲ್ಸ್‌ನ ಸ್ಕಾರ್‌ಬೇಕ್‌ನಲ್ಲಿ, ಗೆಂಟ್‌ನಲ್ಲಿ ಆ ಊರೇ ಮತ್ತೆ ಕಟ್ಟಿಕೊಂಡಿತು. ಇಂದಿಗೂ ಬೇಸಿಗೆ ರಜೆಯಲ್ಲಿ ಎಮಿರ್‌ದಾ ಬೀದಿಗಳ ತುಂಬ ಬೆಲ್ಜಿಯಂ ನಂಬರಿನ ಕಾರುಗಳು.

ಕರೆದವರು ಆಮೇಲೆ ಮಾಡಿದ್ದೇನು? 1974ರಲ್ಲಿ ಹೊಸ ನೇಮಕಾತಿ ನಿಲ್ಲಿಸಿದರು. ಅದೇ ವರ್ಷ ಇಸ್ಲಾಂಗೆ ಕಾನೂನಿನ ಮಾನ್ಯತೆ ಕೊಟ್ಟರು. ಆದರೆ ಆ ಜನರ ಭಾಷೆ ಬಲ್ಲ ಇಮಾಮರನ್ನು ಇಲ್ಲೇ ತಯಾರು ಮಾಡಲಿಲ್ಲ. ಆ ಜಾಗವನ್ನು ತುರ್ಕಿಯ ಧಾರ್ಮಿಕ ಇಲಾಖೆ ದಿಯಾನೆತ್ ತುಂಬಿತು. ಇಮಾಮರು ಅಲ್ಲಿಂದ ಬಂದರು, ಸಂಬಳವೂ ಅಲ್ಲಿಂದಲೇ. ಸತ್ತವರ ದೇಹವನ್ನು ಹುಟ್ಟೂರಿಗೆ ಮುಟ್ಟಿಸುವ ಅಂತ್ಯಸಂಸ್ಕಾರ ನಿಧಿಯನ್ನು ನಡೆಸುವುದೂ ದಿಯಾನೆತ್ತೇ. ಶಾಲೆಗಳಲ್ಲೋ, ಹನ್ನೆರಡರ ಎಳೆ ವಯಸ್ಸಿಗೇ ಮಕ್ಕಳನ್ನು ಬೇರೆ ಬೇರೆ ಹಾದಿಗೆ ಹಚ್ಚುವ ಪದ್ಧತಿ. ವಲಸಿಗರ ಮಕ್ಕಳು ಹೆಚ್ಚಾಗಿ ಕಸುಬು ಕಲಿಸುವ ವಿಭಾಗಕ್ಕೇ ಬಿದ್ದರು. ಅಪ್ಪಂದಿರಿಗೆ ಕೆಲಸ ಕೊಟ್ಟ ಗಣಿಗಳೂ ಉಳಿಯಲಿಲ್ಲ: ಲಿಂಬರ್ಗ್‌ನ ಕೊನೆಯ ಗಣಿ 1992ರಲ್ಲಿ ಮುಚ್ಚಿತು.

ಅಂಕಾರಾದ್ದು ನಿಸ್ವಾರ್ಥ ಕಾಳಜಿ ಎಂದು ನಾನು ನಂಬುವುದಿಲ್ಲ. ಅದಕ್ಕೆ ಬೇಕಿರುವುದು ಮತ. ಬೆಲ್ಜಿಯಂನ ಪಕ್ಷಗಳಿಗೆ ಬೇಕಿದ್ದದ್ದೂ ಅದೇ. ಬ್ರಸೆಲ್ಸ್ ಸಂಸತ್ತಿಗೆ 2009ರಲ್ಲಿ ಆಯ್ಕೆಯಾದ ತುರ್ಕಿ ಮೂಲದ ಮಾಹಿನೂರ್ ಓಜ್ದೆಮಿರ್, ತಲೆವಸ್ತ್ರ ಧರಿಸಿ ಅಲ್ಲಿಗೆ ಹೋದ ಮೊದಲಿಗರು. ಒಟ್ಟೋಮನ್ ತುರ್ಕಿಯಲ್ಲಿ ನಡೆದ ಅರ್ಮೇನಿಯನ್ನರ ನರಮೇಧದ ಪ್ರಶ್ನೆಯಲ್ಲಿ ತಮ್ಮ ಪಕ್ಷದ ನಿಲುವನ್ನು ಒಪ್ಪದ ಅವರನ್ನು 2015ರಲ್ಲಿ ಪಕ್ಷದಿಂದ ಉಚ್ಚಾಟಿಸಲಾಯಿತು. ಆ ನರಮೇಧವನ್ನು ಒಪ್ಪಿಕೊಳ್ಳಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಟಿಕೆಟ್ ಕೊಡುವಾಗ ಸಮುದಾಯದ ಮತಗಳನ್ನು ಎಣಿಸಿದವರು, ಕಷ್ಟದ ಈ ಇತಿಹಾಸವನ್ನು ಆ ಸಮುದಾಯದ ಜೊತೆ ಕೂತು ಎಷ್ಟು ಮಾತಾಡಿದ್ದರು? 2023ರಲ್ಲಿ ಅದೇ ಓಜ್ದೆಮಿರ್ ಅಂಕಾರಾದಲ್ಲಿ ಎರ್ಡೊಗಾನ್ ಸಂಪುಟದ ಸಚಿವೆಯಾದರು.