ಕಚ್ಚುವುದು ನಾಯಿ, ಕೊಲ್ಲುವವರು ಬೇರೆ

ಹುಚ್ಚುನಾಯಿ ಕಡಿದು ಕೂಲಿಕಾರನೊಬ್ಬ ಸತ್ತರೆ ನಗರಸಭೆಯವರು ನಾಯಿಯನ್ನು ದೂರುತ್ತಾರೆ, ಆಸ್ಪತ್ರೆಯವರು ಸತ್ತವನ ಅಜ್ಞಾನವನ್ನು ದೂರುತ್ತಾರೆ. ಇಬ್ಬರ ಮಾತೂ ನಮಗೆ ಒಪ್ಪಿಗೆಯಿಲ್ಲ. 1885ರ ಜುಲೈನಲ್ಲಿ ಪ್ಯಾರಿಸಿನಲ್ಲಿ ಲೂಯಿ ಪ್ಯಾಶ್ಚರ್ ಒಂಬತ್ತು ವರ್ಷದ ಹುಡುಗನೊಬ್ಬನಿಗೆ ಲಸಿಕೆ ಹಾಕಿಸಿದಂದಿನಿಂದ ಈ ರೋಗಕ್ಕೆ ತಡೆ ಉಂಟು. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 59,000 ಜನ ಇದರಿಂದ ಸಾಯುತ್ತಾರೆ; ಅದರಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು ನಮ್ಮ ದೇಶದ್ದು. ಕಾರಿನಲ್ಲಿ ಓಡಾಡುವವರು ಈ ಲೆಕ್ಕದಲ್ಲಿ ಎಷ್ಟು ಮಂದಿ ಇದ್ದಾರು? ರಾತ್ರಿ ಪಾಳಿ ಮುಗಿಸಿ ಕತ್ತಲಲ್ಲಿ ನಡೆದು ಬರುವ ಗಿರಣಿಯಾಳು, ನಸುಕಿಗೇ ಗಾಡಿ ತಳ್ಳುವ ತರಕಾರಿಯವನು, ಓಣಿಯಲ್ಲಿ ಆಡುವ ಅವರ ಮಕ್ಕಳು, ಕಚ್ಚಿಸಿಕೊಳ್ಳುವವರು ಇವರೇ.

ರೋಗದ ವೈರಾಣು ನಾಯಿಯ ಜೊಲ್ಲಿನಲ್ಲಿರುತ್ತದೆ. ಗಾಯದೊಳಕ್ಕೆ ಇಳಿದು, ನರದ ದಾರಿ ಹಿಡಿದು ಮಿದುಳಿಗೆ ಏರುತ್ತದೆ. ಇದಕ್ಕೆ ಸಾಮಾನ್ಯವಾಗಿ ಕೆಲವು ವಾರಗಳಿಂದ ಮೂರು ತಿಂಗಳು ಹಿಡಿಯುತ್ತದೆ. ಮುಖಕ್ಕೋ ತಲೆಗೋ ಕಚ್ಚಿದ್ದರೆ ಇನ್ನೂ ಬೇಗ. ನೀರು ಕಂಡರೆ ಗಂಟಲು ಬಿಗಿಯತೊಡಗಿದ ಮೇಲೆ ಉಳಿಸಿಕೊಳ್ಳುವ ಮದ್ದು ಯಾವ ವೈದ್ಯರ ಬಳಿಯೂ ಇಲ್ಲ. ಏನು ಮಾಡುವುದಿದ್ದರೂ ಕಚ್ಚಿದೊಡನೆ ಮಾಡಬೇಕು. ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ಗಾಯ ತೊಳೆಯಬೇಕು. ವೈರಾಣುವಿಗೆ ಕೊಬ್ಬಿನ ಹೊದಿಕೆಯೊಂದಿದೆ. ಬಟ್ಟೆ ಸೋಪು ಕೂಡ ಅದನ್ನು ಒಡೆಯುತ್ತದೆ. ಸುಣ್ಣ, ಮೆಣಸಿನಪುಡಿ ಮೆತ್ತುವುದು, ಮಂತ್ರಿಸಿದ ದಾರ ಕಟ್ಟುವುದು, ಬೇರು ಅರೆದು ಕುಡಿಸುವುದು ಎಲ್ಲವೂ ಕಾಲಹರಣ. ಕಚ್ಚುವ ನಾಯಿಗಳಿಗೆಲ್ಲ ಹುಚ್ಚು ಇರುವುದಿಲ್ಲ; ಹುಚ್ಚಿಲ್ಲದ ನಾಯಿ ಕಚ್ಚಿ ಬದುಕಿದವರನ್ನು ತೋರಿಸಿಯೇ ನಾಟಿ ಮದ್ದಿನವರು ಹೆಸರು ಗಳಿಸಿದ್ದಾರೆ!

ಹೊಟ್ಟೆಗೆ ಹದಿನಾಲ್ಕು ಸೂಜಿ ಎಂಬ ಹೆದರಿಕೆ ಹಿರಿಯರಲ್ಲಿ ಇನ್ನೂ ಇದೆ. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಆ ಹಳೆಯ ಲಸಿಕೆ 2005ರ ಹೊತ್ತಿಗೆ ನಮ್ಮ ದೇಶದಲ್ಲಿ ನಿಂತುಹೋಯಿತು. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ತೋಳಿನ ಚರ್ಮಕ್ಕೆ ಹಾಕುತ್ತಾರೆ: ಮೊದಲ ದಿನ, ಅಲ್ಲಿಂದ 3, 7 ಮತ್ತು 28 ದಿನಗಳಿಗೆ. ರಕ್ತ ಬಂದ ಗಾಯಕ್ಕೆ ಇದೊಂದೇ ಸಾಲದು. ಲಸಿಕೆಯಿಂದ ದೇಹದಲ್ಲಿ ಶಕ್ತಿ ಕೂಡಲು ಒಂದೆರಡು ವಾರ ಬೇಕು. ಅಲ್ಲಿಯವರೆಗೆ ಕಾಯುವ ಇಮ್ಯುನೊಗ್ಲಾಬ್ಯುಲಿನ್ ಎಂಬ ಸೀರಂ ಅನ್ನು ಗಾಯದೊಳಗೂ ಸುತ್ತಲೂ ಚುಚ್ಚಬೇಕು.

ಬಡವನ ಕುತ್ತಿಗೆ ಸಿಕ್ಕಿಕೊಳ್ಳುವುದು ಇಲ್ಲಿಯೇ. ಲಸಿಕೆ ಇದ್ದರೆ ಸೀರಂ ಇಲ್ಲ, ಹೊರಗಿನ ಅಂಗಡಿಯಿಂದ ತನ್ನಿ ಎಂದು ಚೀಟಿ ಕೊಡುತ್ತಾರೆ. ಒಂದು ಸೀಸೆ ಒಡೆದರೆ ಕೆಲವು ಗಂಟೆಗಳೊಳಗೆ ಮುಗಿಸಬೇಕು, ಇನ್ನೂ ನಾಲ್ಕು ಜನ ಬರಲಿ, ನಾಳೆ ಬಾ ಎನ್ನುತ್ತಾರೆ. ಸೀಸೆಯ ತಳದಲ್ಲಿ ಉಳಿಯುವ ಮದ್ದಿಗೆ ಇರುವ ಬೆಲೆ ಬಾಗಿಲಲ್ಲಿ ನಿಂತ ಮನುಷ್ಯನಿಗಿಲ್ಲವೆ? ಇನ್ನು ಕೂಲಿಯ ಪ್ರಶ್ನೆ. ನಾಲ್ಕು ಸಲ ಆಸ್ಪತ್ರೆಗೆ ಹೋಗುವುದೆಂದರೆ ದಿನಗೂಲಿಯವನಿಗೆ ನಾಲ್ಕು ದಿನದ ಒಲೆ ಆರಿದಂತೆ. ಎರಡು ಸೂಜಿಯಾಯಿತು, ಗಾಯ ಒಣಗಿತು, ಸಾಕು ಎಂದು ಅವನು ಗಿರಣಿಗೆ ನಡೆದರೆ ಅದು ಅಜ್ಞಾನವೆ, ಮಾಲೀಕನ ಹಾಜರಿ ಪುಸ್ತಕವೆ?

ನಾಯಿಗಳನ್ನು ಹೊಡೆದು ಕೊಂದರೆ ಪೀಡೆ ತೀರುತ್ತದೆಂಬ ಕೂಗು ಪೇಟೆಯ ಮಿತ್ರರಿಂದ ಆಗಾಗ್ಗೆ ಕೇಳಿಬರುತ್ತದೆ. ಕೊಂದ ಜಾಗಕ್ಕೆ ಬೇರೆ ನಾಯಿಗಳು ಬರುತ್ತವೆ, ಕಸದ ರಾಶಿ ಅಲ್ಲೇ ಇರುತ್ತದಲ್ಲ! ನೂರಕ್ಕೆ ಎಪ್ಪತ್ತು ನಾಯಿಗಳಿಗೆ ಲಸಿಕೆ ಹಾಕಿದರೆ ರೋಗದ ಸರಪಳಿ ಕಡಿಯುತ್ತದೆ. ನೆರೆಯ ಗೋವಾ ವರ್ಷವರ್ಷವೂ ಬೀದಿನಾಯಿಗಳನ್ನು ಹಿಡಿದು ಲಸಿಕೆ ಹಾಕಿತು. 2021ರಲ್ಲಿ, ಮೂರು ವರ್ಷಗಳಿಂದ ಒಬ್ಬ ಮನುಷ್ಯನೂ ಇದರಿಂದ ಸತ್ತಿಲ್ಲವೆಂದು ಸಾರಿತು. ನಮ್ಮ ರಾಜ್ಯ ಸರ್ಕಾರ 2022ರಲ್ಲಿ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿದೆ. ಸಂತೋಷ. ಹೆಣ ಎಣಿಸುವ ಕೆಲಸಕ್ಕೆ ಕಾಯಿದೆ ಬಂತು, ಹೆಣ ಬೀಳದಂತೆ ನೋಡುವ ಕೆಲಸಕ್ಕೆ ಸೀರಂ ಯಾವಾಗ ಬರುತ್ತದೆ?

ಕಚ್ಚಿಸಿಕೊಂಡು ಬಂದವನು ಒಬ್ಬನೇ ಆದರೂ ಸೀಸೆ ಒಡೆಯಲೇಬೇಕು. ಲಸಿಕೆ ಎಷ್ಟಿದೆ, ಸೀರಂ ಎಷ್ಟಿದೆ ಎಂದು ಪ್ರತಿ ಸರ್ಕಾರಿ ಆಸ್ಪತ್ರೆಯ ಬಾಗಿಲಲ್ಲಿ ದಿನವೂ ಹಲಗೆಯ ಮೇಲೆ ಬರೆಯಬೇಕು. ಮಾಂಸದಂಗಡಿ, ಹೋಟೆಲುಗಳ ಕಸವನ್ನು ನಗರಸಭೆ ರಾತ್ರಿಯೇ ಎತ್ತಬೇಕು. ಅದಕ್ಕೆಂದೇ ವ್ಯಾಪಾರಿಗಳು ತೆರಿಗೆ ಕೊಡುತ್ತಿದ್ದಾರೆ. ನಾಯಿ ಕಚ್ಚಿದ ಕಾರ್ಮಿಕನಿಗೆ ಸೂಜಿಯ ನಾಲ್ಕೂ ದಿನ ಸಂಬಳ ಸಹಿತ ರಜೆ ಬೇಕೆಂಬುದನ್ನು ಗಿರಣಿ ಸಂಘಗಳು ಈ ಸಲದ ಬೇಡಿಕೆ ಪಟ್ಟಿಯಲ್ಲಿ ಬೋನಸ್ಸಿನ ಪಕ್ಕದಲ್ಲೇ ಬರೆಯಲಿ.