ಹಗಲು ಅಗ್ಗ, ಸಂಜೆ ದುಬಾರಿ: ಪೂರ್ತಿ ಕರೆಂಟಿನ ಮನೆಯವರು ಮೊದಲು ಹಾಕಬೇಕಾದ ಲೆಕ್ಕ

ಕಳೆದ ತಿಂಗಳು ಬಸದಿಯ ಕಚೇರಿಯಲ್ಲಿ ಕುಳಿತಿದ್ದಾಗ ನಮ್ಮ ಓಣಿಯ ಒಬ್ಬ ಸೊಸೆ ಬಂದು, ಕೊಲ್ಹಾಪುರದಲ್ಲಿರುವ ತನ್ನ ಅಕ್ಕನ ಮನೆಯ ಕರೆಂಟ್ ಬಿಲ್ಲಿನ ಫೋಟೋ ತೋರಿಸಿದಳು. "ಕಾಕಾ, ಅವ್ರಿಗೆ ಹಗಲಿನ ಯೂನಿಟ್ಟಿಗೆ 80 ಪೈಸೆ ಕಡಿಮಿ ಅದ. ನಮಗೂ ಹಂಗ ಬಂದ್ರ ಗ್ಯಾಸ್ ತಗದು ಎಲ್ಲಾ ಕರೆಂಟಿನ ಮ್ಯಾಲೆ ಮಾಡೋಣು ಅಂತಾರ ಮನ್ಯಾಗ. ಮಾಡಬಹುದೇನ್ರಿ?"

ತಕ್ಷಣ ಉತ್ತರ ಕೊಡಲು ನನಗೆ ಆಗಲಿಲ್ಲ. ನಮ್ಮ ಮನೆ ಎರಡು ವರ್ಷದಿಂದ ಪೂರ್ತಿ ಕರೆಂಟಿನ ಮೇಲಿದೆ. ಆದರೂ ಕಾಗದ ಪೆನ್ಸಿಲ್ ಹಿಡಿದು ಕೂತಾಗಲೇ ಗೊತ್ತಾಗಿದ್ದು, ನಾವು ತಪ್ಪು ಜಾಗದಲ್ಲಿ ಉಳಿತಾಯ ಹುಡುಕುತ್ತಿದ್ದೆವು ಎಂದು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿಯಮ ಏನಿದೆ ನೋಡೋಣ. ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ತಂದು 'ಟೈಮ್ ಆಫ್ ಡೇ', ಅಂದರೆ ಹೊತ್ತಿಗೊಂದು ದರದ ಪದ್ಧತಿಯನ್ನು ಸೇರಿಸಿತು. 10 ಕಿಲೋವ್ಯಾಟ್ ಮೇಲ್ಪಟ್ಟ ವಾಣಿಜ್ಯ ಮತ್ತು ಕೈಗಾರಿಕೆ ಗ್ರಾಹಕರಿಗೆ 2024ರ ಏಪ್ರಿಲ್ 1ರಿಂದ, ಕೃಷಿ ಬಿಟ್ಟು ಉಳಿದೆಲ್ಲರಿಗೆ 2025ರ ಏಪ್ರಿಲ್ 1ರಿಂದ ಎಂದು ಗಡುವು ಕೊಟ್ಟಿತು. ಸ್ಮಾರ್ಟ್ ಮೀಟರ್ ಕೂತ ಮೇಲೆಯೇ ಇದು ಜಾರಿ. ದಿನದಲ್ಲಿ ಎಂಟು ತಾಸು 'ಸೌರ ಅವಧಿ'. ಆಗ ದರ ಮಾಮೂಲಿಗಿಂತ ಕನಿಷ್ಠ ಶೇ. 20 ಕಡಿಮೆ ಇರಬೇಕು. ಬೇಡಿಕೆ ಹೆಚ್ಚಿರುವ ಪೀಕ್ ಅವಧಿಯಲ್ಲಿ ಮನೆಗಳಿಗೆ ಕನಿಷ್ಠ ಶೇ. 10 ಹೆಚ್ಚು, ಅಂಗಡಿ ಕಾರ್ಖಾನೆಗಳಿಗೆ ಕನಿಷ್ಠ ಶೇ. 20 ಹೆಚ್ಚು. ಯಾವ ತಾಸು ಯಾವ ದರ ಎಂದು ತೀರ್ಮಾನಿಸುವುದು ಆಯಾ ರಾಜ್ಯದ ವಿದ್ಯುತ್ ಆಯೋಗ.

ಮಹಾರಾಷ್ಟ್ರದಲ್ಲಿ 2025ರ ಜುಲೈ 1ರಿಂದ ಸ್ಮಾರ್ಟ್ ಮೀಟರ್ ಇರುವ ಮನೆಗಳಿಗೆ ಬೆಳಗ್ಗೆ 9ರಿಂದ ಸಂಜೆ 5ರವರೆಗೆ ರಿಯಾಯಿತಿ ಶುರುವಾಯಿತು. ಕೇರಳದಲ್ಲಿ ತಿಂಗಳಿಗೆ 250 ಯೂನಿಟ್ ದಾಟುವ ಮನೆಗಳಿಗೆ ಬೆಳಗ್ಗೆ 6ರಿಂದ ಸಂಜೆ 6ರವರೆಗೆ ಶೇ. 10 ಕಡಿಮೆ, ಸಂಜೆ 6ರಿಂದ ರಾತ್ರಿ 10ರವರೆಗೆ ಶೇ. 25 ಹೆಚ್ಚು. ವಯನಾಡಿನ ನಮ್ಮ ಬಂಧುಗಳು ಈ ಬಿಲ್ಲು ಕಟ್ಟುತ್ತಿದ್ದಾರೆ. ಕರ್ನಾಟಕದ ಮನೆಗಳಿಗೆ 2025-26ರ ದರಪಟ್ಟಿಯಲ್ಲಿ ಹಗಲಾಗಲಿ ರಾತ್ರಿಯಾಗಲಿ ಯೂನಿಟ್‌ಗೆ 5.80 ರೂಪಾಯಿ ಒಂದೇ. ಅದರ ಮೇಲೆ ನೌಕರರ ಪಿಂಚಣಿ ಬಾಬ್ತು 36 ಪೈಸೆ, ಶೇ. 9 ತೆರಿಗೆ. ಇದಲ್ಲದೆ ಮಂಜೂರಾದ ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂ. ನಿಗದಿತ ಶುಲ್ಕ. ಈ 145ನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ನಮ್ಮಲ್ಲೂ 2025ರ ಆರಂಭದಿಂದ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಬಂತು, ಅದರ ಬೆಲೆಯ ಮೇಲೆ ದೊಡ್ಡ ಗಲಾಟೆಯೂ ಆಯಿತು. ಮೀಟರ್ ಬಂದ ಮೇಲೆ ಹೊತ್ತಿನ ದರ ಇಂದಲ್ಲ ನಾಳೆ ಬಂದೇ ಬರುತ್ತದೆ ಎಂದು ನನ್ನ ಅಂದಾಜು.

ಇಲ್ಲಿ ಹಳಬರಿಗೆ ಒಂದು ಗೊಂದಲ ಆಗುತ್ತದೆ. ಅಗ್ಗದ ಕರೆಂಟ್ ಎಂದರೆ ರಾತ್ರಿ ಎಂದೇ ನಮ್ಮ ತಲೆಯಲ್ಲಿ ಕೂತಿದೆ. ಹೈಟೆನ್ಷನ್ ಸಂಪರ್ಕದ ಕಾರ್ಖಾನೆಗಳಿಗೆ ವರ್ಷಗಟ್ಟಲೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಯೂನಿಟ್‌ಗೆ 1 ರೂ. ಕಡಿತ, ಸಂಜೆ 6ರಿಂದ 10ರವರೆಗೆ 1 ರೂ. ಹೆಚ್ಚುವರಿ ಇತ್ತು. ನನಗೆ ಗೊತ್ತಿರುವ ಗಿರಣಿಯವರು ರಾತ್ರಿ ಪಾಳಿ ನಡೆಸುತ್ತಿದ್ದುದೇ ಅದಕ್ಕೆ. ಈಗ ಕಾಲ ತಿರುಗಿದೆ. ಪಾವಗಡದ ಒಂದೇ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ಮಧ್ಯಾಹ್ನ ಕರೆಂಟ್ ಹೇರಳ, ಹೊತ್ತು ಮುಳುಗಿದ ಕೂಡಲೇ ಎಳೆದಾಟ. ಹಾಗಾಗಿ ಇನ್ನು ಮುಂದೆ ಮನೆಗಳಿಗೆ ಅಗ್ಗದ ಹೊತ್ತು ಎಂದರೆ ನಡು ಮಧ್ಯಾಹ್ನ.

ಹೊತ್ತು ಮುಳುಗುವುದರ ವಿಷಯ ಬಂತೆಂದರೆ ನಮ್ಮ ಮನೆಗಳ ರೀತಿ ಬೇರೆ. ಕರ್ನಾಟಕದಲ್ಲಿ ಸೂರ್ಯ ಮುಳುಗುವುದು ನವೆಂಬರ್ ಕೊನೆಯಲ್ಲಿ 5.50ರ ಸುಮಾರಿಗೆ, ಜುಲೈನಲ್ಲಿ 6.50ರ ಹತ್ತಿರ. ರಾತ್ರಿ ಊಟ ಬಿಟ್ಟವರ ಮನೆಯಲ್ಲಿ ಸಂಜೆಯ ಅಡುಗೆ 4.30ಕ್ಕೆ ಶುರುವಾಗಿ ಪೀಕ್ ಹೊತ್ತಿಗೆ ಮುಗಿದೇ ಹೋಗಿರುತ್ತದೆ. ಬೇರೆಯವರು ಕಷ್ಟಪಟ್ಟು ಬದಲಿಸಿಕೊಳ್ಳಬೇಕಾದ ಸಮಯವನ್ನು ನಮ್ಮ ಅಜ್ಜಿಯಂದಿರು ಯಾವತ್ತೋ ಪಾಲಿಸುತ್ತಿದ್ದರು, ಕರೆಂಟ್ ಬಿಲ್ಲಿಗಾಗಿ ಅಲ್ಲ. ಕುಡಿಯುವ ನೀರು ಕಾಯಿಸುವ ಮನೆಗಳಿಗೆ ಇನ್ನೊಂದು ಅನುಕೂಲವಿದೆ. 10 ಲೀಟರ್ ನೀರು ಇಂಡಕ್ಷನ್ ಮೇಲೆ ಕುದಿಯಲು ಹೆಚ್ಚುಕಡಿಮೆ 1 ಯೂನಿಟ್ ಬೇಕು, ತಿಂಗಳಿಗೆ 30 ಯೂನಿಟ್. ಅದನ್ನು ಬೆಳಗ್ಗೆ 7ರ ಬದಲು 9 ದಾಟಿದ ಮೇಲೆ ಕಾಯಿಸಿದರೆ ಶೇ. 20ರ ರಿಯಾಯಿತಿಯಲ್ಲಿ 35 ರೂ. ಉಳಿಯುತ್ತದೆ.

ಹಾಗಾದರೆ ನಮಗೆ ಲಾಭವೇ ಅಲ್ಲವೇ? ಪೂರ್ತಿ ಅಲ್ಲ. ಅಡುಗೆಮನೆ ಹೊತ್ತಿಗೆ ಸರಿಯಾಗಿ ಮುಚ್ಚಿದರೂ ಅಂಗಡಿ ಮುಚ್ಚುವುದು ಎಂಟೂವರೆಗೆ. ಮಗ ಬಂದವನೇ ಸ್ಕೂಟರ್ ಚಾರ್ಜಿಗೆ ಹಾಕುತ್ತಾನೆ, ನಾನು ಸ್ನಾನಕ್ಕೆ ಗೀಸರ್ ಹಾಕುತ್ತೇನೆ, ಸೊಸೆ ಮಕ್ಕಳ ಯೂನಿಫಾರ್ಮ್ ಇಸ್ತ್ರಿಗೆ ಕೂರುತ್ತಾಳೆ. ನಮ್ಮ ಪೀಕ್ ಅಡುಗೆಮನೆಯಲ್ಲಿಲ್ಲ, ಅಂಗಡಿಯಿಂದ ಮನೆಗೆ ಬರುವ ಆ ಒಂದು ತಾಸಿನಲ್ಲಿದೆ.

ಈಗ ಲೆಕ್ಕ. ಕೇಂದ್ರದ ಕನಿಷ್ಠ ಮಿತಿಯನ್ನೇ ನಮ್ಮ 5.80 ರೂ.ಗೆ ಹಾಕಿದರೆ ಸೌರ ಅವಧಿಯಲ್ಲಿ ಯೂನಿಟ್‌ಗೆ 1.16 ರೂ. ಉಳಿತಾಯ, ಪೀಕ್‌ನಲ್ಲಿ 58 ಪೈಸೆ ಹೆಚ್ಚು. ತಿಂಗಳಿಗೆ 300 ಯೂನಿಟ್ ಸುಡುವ ಮನೆ ಎಂದಿಟ್ಟುಕೊಳ್ಳಿ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಹಗಲು 60 ಯೂನಿಟ್, ಪೀಕ್‌ನಲ್ಲಿ 110 ಯೂನಿಟ್ ಹೋದರೆ ಇಡೀ ತಿಂಗಳ ಲಾಭ 6 ರೂಪಾಯಿ ಮಾತ್ರ. ಮನೆಯಲ್ಲಿ ಹಿರಿಯರಿದ್ದು, ಹಗಲಿಗೆ 150, ಪೀಕ್‌ಗೆ 50 ಯೂನಿಟ್ ಇಳಿಸಿಕೊಂಡರೆ ಲಾಭ 145 ರೂಪಾಯಿ.

145. ಒಂದು ಕಿಲೋವ್ಯಾಟ್‌ನ ನಿಗದಿತ ಶುಲ್ಕ ಅಷ್ಟೇ! ಮನೆಮಂದಿಯೆಲ್ಲ ತಿಂಗಳಿಡೀ ಗಡಿಯಾರ ನೋಡಿ ಉಳಿಸಿದ್ದು ಒಂದೇ ಒಂದು ಕಿಲೋವ್ಯಾಟ್ ಹೆಚ್ಚಿಗೆ ಮಂಜೂರು ಮಾಡಿಸಿದರೆ ಹೋಯಿತು. ಗ್ಯಾಸ್ ಬಿಟ್ಟು ಇಂಡಕ್ಷನ್, ಗೀಸರ್, ಸ್ಕೂಟರ್ ಎಲ್ಲಾ ಕೂಡಿಸುವಾಗ ಎಲೆಕ್ಟ್ರಿಷಿಯನ್ ಮೊದಲು ಹೇಳುವುದೇ "3 ಕಿಲೋವ್ಯಾಟ್ ಸಾಲಲ್ಲ, 6 ಮಾಡಿಸ್ರಿ" ಎಂದು. ನಾನೂ ಹಾಗೇ ಮಾಡಿಸಿದೆ. ತಿಂಗಳಿಗೆ 435 ರೂ. ಹೆಚ್ಚಿಗೆ ಹೋಯಿತು. ಕಿರಾಣಿ ವ್ಯಾಪಾರದಲ್ಲಿ ಪೈಸೆ ಪೈಸೆ ಎಣಿಸುವ ನಾನು ಒಂದು ವರ್ಷ ಇದನ್ನು ನೋಡಲೇ ಇಲ್ಲ. ಆಮೇಲೆ ಬಿಲ್ಲಿನಲ್ಲಿ ದಾಖಲಾದ ಗರಿಷ್ಠ ಬೇಡಿಕೆ ನೋಡಿದೆ. ಬೆಳಗ್ಗೆ 7ಕ್ಕೆ ಗೀಸರ್, ಎರಡು ಇಂಡಕ್ಷನ್ ಒಲೆ, ಮಿಕ್ಸಿ, ನೀರಿನ ಮೋಟಾರು ಒಟ್ಟಿಗೆ ನಡೆದಾಗ ಮಾತ್ರ ಅದು 5 ದಾಟುತ್ತಿತ್ತು. ಮೋಟಾರನ್ನು ಮಧ್ಯಾಹ್ನಕ್ಕೆ ಹಾಕಿ, ಒಲೆ ಹಚ್ಚುವ ಮೊದಲೇ ಗೀಸರ್ ಆರಿಸುವ ರೂಢಿ ಮಾಡಿದೆವು. ಈಗ ಮಂಜೂರಾತಿಯನ್ನು 4ಕ್ಕೆ ಇಳಿಸಿದ್ದೇನೆ. ಅಲ್ಲಿ 290 ರೂ. ಉಳಿಯಿತು, ಯಾವ ಹೊಸ ದರವೂ ಬರುವ ಮುನ್ನ. 2023ರ ಅದೇ ತಿದ್ದುಪಡಿ ಒಂದು ರಕ್ಷಣೆಯನ್ನೂ ಕೊಟ್ಟಿದೆ: ಸ್ಮಾರ್ಟ್ ಮೀಟರ್ ಕೂತ ಮೇಲೆ, ವರ್ಷದಲ್ಲಿ ಕನಿಷ್ಠ ಮೂರು ಬಾರಿ ಮಂಜೂರಾತಿ ಮೀರಿದರೆ ಮಾತ್ರ ಅದನ್ನು ಮೇಲಕ್ಕೆ ಪರಿಷ್ಕರಿಸಬೇಕು. ಮದುವೆ ಮನೆಯ ಒಂದು ದಿನದ ಗದ್ದಲಕ್ಕೆ ಹೆದರಿ 6 ಕಿಲೋವ್ಯಾಟ್ ಇಟ್ಟುಕೊಳ್ಳಬೇಕಿಲ್ಲ.

ಗೀಸರ್ ಬಗ್ಗೆ ಬಹಳ ಜನ ಕೇಳುತ್ತಾರೆ, ಮಧ್ಯಾಹ್ನ ಅಗ್ಗದ ಹೊತ್ತಿಗೆ ಕಾಯಿಸಿ ಇಟ್ಟು ಬೆಳಗ್ಗೆ ಸ್ನಾನ ಮಾಡಬಹುದಲ್ಲ ಎಂದು. 25 ಲೀಟರ್ ಪೂರ್ತಿ ಕಾಯಲು ಸುಮಾರು 1 ಯೂನಿಟ್ ಬೇಕು. ಉಳಿಯುವುದು 1.16 ರೂ. ರಾತ್ರಿಯಿಡೀ ಅದು ಆರುವುದರಲ್ಲೇ ಅದಕ್ಕಿಂತ ಹೆಚ್ಚು ಹೋಗುತ್ತದೆ. ಬೇಡ. ಮಾಳಿಗೆಯ ಮೇಲೆ ಸೋಲಾರ್ ಹೀಟರ್ ಇದ್ದರೆ ಈ ಪ್ರಶ್ನೆಯೇ ಇಲ್ಲ.

ಇನ್ನು ಗ್ಯಾಸ್ ತೆಗೆಯುವ ಮಾತು. 14.2 ಕೆ.ಜಿ. ಸಿಲಿಂಡರಿನ ಕೆಲಸವನ್ನು ಇಂಡಕ್ಷನ್ ಸುಮಾರು 120 ಯೂನಿಟ್‌ನಲ್ಲಿ ಮಾಡುತ್ತದೆ. ತೆರಿಗೆ, ಪಿಂಚಣಿ ಬಾಬ್ತು ಸೇರಿ 800 ರೂ. ಆಸುಪಾಸು. 2025ರ ಏಪ್ರಿಲ್ ಏರಿಕೆಯ ನಂತರ ಬೆಂಗಳೂರಿನಲ್ಲಿ ಸಿಲಿಂಡರ್ ಸುಮಾರು 855 ರೂ. ಆಗಿತ್ತು. ಎರಡೂ ಸಮಸಮ ಎನ್ನಿ. ಅಡುಗೆಯೆಲ್ಲ ಸೌರ ಅವಧಿಯಲ್ಲೇ ಆದರೆ ಕರೆಂಟಿನ ಖರ್ಚು 650ಕ್ಕೆ ಇಳಿದೀತು. ಜೋಳದ ರೊಟ್ಟಿ ಕೆಂಡದ ಮೇಲಿನಂತೆ ಇಂಡಕ್ಷನ್ ಮೇಲೆ ಉಬ್ಬುವುದಿಲ್ಲ, ಅದು ಬೇರೆ ಮಾತು. ನಮ್ಮ ಮನೆಯಲ್ಲಿ ಅದಕ್ಕೆ ಇನ್ಫ್ರಾರೆಡ್ ಒಲೆ ತಂದಿದ್ದೇವೆ.

ಆದರೆ ಗೃಹಜ್ಯೋತಿ ಪಡೆಯುವ ಮನೆಗಳಿಗೆ ಈ ಸಮಸಮದ ಲೆಕ್ಕ ನಿಲ್ಲುವುದಿಲ್ಲ. 2022-23ರ ಸರಾಸರಿಗೆ ಶೇ. 10 ಸೇರಿಸಿ ಉಚಿತ ಮಿತಿ ನಿಗದಿಯಾಗಿದೆ. ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ನಾವೇ ಕಟ್ಟಬೇಕು. ಫೋಟೋ ತೋರಿಸಿದ ಸೊಸೆಯ ಮನೆಯ ಬಳಕೆ 150ರ ಹತ್ತಿರ, ಬಿಲ್ಲು ಶೂನ್ಯ. ತಿಂಗಳಿಗೆ ಒಂದು ಸಿಲಿಂಡರ್. ಅದನ್ನು ಬಿಟ್ಟರೆ ಬಳಕೆ 270 ಆಗುತ್ತದೆ. 3 ಕಿಲೋವ್ಯಾಟ್‌ನ ನಿಗದಿತ ಶುಲ್ಕ ಸೇರಿ ಬಿಲ್ಲು ಸುಮಾರು 2,240 ರೂ. ಸಿಲಿಂಡರಿನ 855 ಕಳೆದರೂ ತಿಂಗಳಿಗೆ 1,400ರ ಹತ್ತಿರ ಹೊರೆ. ಯಾವ ಹಗಲಿನ ರಿಯಾಯಿತಿಯೂ ಇದನ್ನು ತುಂಬಿಕೊಡುವುದಿಲ್ಲ. ಹಾಗಾಗಿ ಅವಳಿಗೆ ಗ್ಯಾಸ್ ಬಿಡಬೇಡ ಎಂದೆ.

ಈಗಾಗಲೇ 200 ದಾಟಿ ಪೂರ್ತಿ ಬಿಲ್ಲು ಕಟ್ಟುತ್ತಿರುವ ಮನೆಗಳ ವಿಷಯ ಬೇರೆ. ಅವರು ಹೊತ್ತಿನ ದರ ಬಂದಾಗ ಒಪ್ಪಬಹುದು, ಆದರೆ ರಿಯಾಯಿತಿಗಿಂತ ಮೊದಲು ಪೀಕ್ ದರ ಎಷ್ಟು ಎಂದು ಕೇಳಿ. ಕೇಂದ್ರದ ಕನಿಷ್ಠ ಮಿತಿಯಂತೆ ಬಂದರೆ ಪೀಕ್‌ನ ಎರಡು ಯೂನಿಟ್‌ಗೆ ಹಗಲಿನ ಒಂದು ಯೂನಿಟ್ ಇದ್ದರೂ ನಷ್ಟವಿಲ್ಲ. ಕೇರಳದಂತೆ ಬಂದರೆ ಪೀಕ್‌ನ ಒಂದು ಯೂನಿಟ್‌ಗೆ ಹಗಲಿನ ಎರಡೂವರೆ ಯೂನಿಟ್ ಬೇಕು. ಹಗಲು ಬೀಗ ಹಾಕುವ ಮನೆಗೆ ಅದು ನಷ್ಟದ ವ್ಯಾಪಾರ. ಸೌರ ಅವಧಿ ಸಂಜೆ 4ಕ್ಕೆ ಮುಗಿಯುತ್ತದೋ 5ಕ್ಕೋ ಎಂಬುದೂ ನಮಗೆ ದೊಡ್ಡ ವಿಷಯ, ಸಂಜೆಯ ಅಡುಗೆ ಅದರೊಳಗೆ ಬೀಳುತ್ತದೋ ಇಲ್ಲವೋ ಅದರ ಮೇಲಿದೆ. ದರ ಪರಿಷ್ಕರಣೆಗೆ ಮೊದಲು ಕೆಇಆರ್‌ಸಿ ಸಾರ್ವಜನಿಕ ವಿಚಾರಣೆ ನಡೆಸುತ್ತದೆ, ಲಿಖಿತ ಆಕ್ಷೇಪಣೆಯನ್ನೂ ತೆಗೆದುಕೊಳ್ಳುತ್ತದೆ. ಸೌರ ಅವಧಿಯನ್ನು 5 ಗಂಟೆಯವರೆಗೆ ಇಡಿ ಎಂದು ಅಲ್ಲಿ ನಮ್ಮವರು ಕೇಳಬೇಕು. ಒಂದು ಹಾಳೆಯ ಅರ್ಜಿ ಸಾಕು. ಬಸದಿಯಲ್ಲಿ ಭಾನುವಾರ ಬಂದವರಿಗೆ ಬರೆದುಕೊಡಲು ನಾನು ಸಿದ್ಧ, ಬರುವಾಗ ಮೂರು ತಿಂಗಳ ಬಿಲ್ಲು ತನ್ನಿ.