ಶಿಲುಬೆ ಯಾರ ಸಾಲ ತೀರಿಸಿತು?

‘ನಿನ್ನ ಸಾಲವನ್ನೆಲ್ಲ ಯೇಸು ತೀರಿಸಿಬಿಟ್ಟಿದ್ದಾನೆ’ ಎಂಬ ಮಾತು ನಮ್ಮ ಪ್ರಾರ್ಥನಾ ಕೂಟಗಳಲ್ಲಿ ಎಷ್ಟು ಸಲೀಸಾಗಿ ಬರುತ್ತದೆಂದರೆ, ಯಾವ ಸಾಲ, ಯಾರಿಗೆ ಕೊಡಬೇಕಾದದ್ದು ಎಂದು ಯಾರೂ ಕೇಳುವುದಿಲ್ಲ. ನಾನು ಕೇಳುತ್ತೇನೆ, ವಿಶ್ವಾಸಿಯಾಗಿಯೇ ಕೇಳುತ್ತೇನೆ.

ಪುಣೆಯ ನಮ್ಮ ಕನ್ನಡ ಕೂಟಕ್ಕೆ ಗುತ್ತಿಗೆದಾರರೊಬ್ಬರು ಬರುತ್ತಾರೆ. ಯಾದಗಿರಿ ಕಡೆಯಿಂದ ಗುಳೆ ಬಂದ ಸೆಂಟ್ರಿಂಗ್ ಕೆಲಸದವರಿಗೆ ಅವರು ಎರಡು ತಿಂಗಳ ಕೂಲಿ ಬಾಕಿ ಉಳಿಸಿಕೊಂಡಿದ್ದಾರೆ. ಈ ಸಲದ ಶುಭ ಶುಕ್ರವಾರ ಎದ್ದು ನಿಂತು, ಕಣ್ಣೀರಿಟ್ಟು, ತಮ್ಮ ಪಾಪವೆಲ್ಲ ಕ್ರಿಸ್ತನ ರಕ್ತದಲ್ಲಿ ತೊಳೆದುಹೋಯಿತೆಂದು ಸಾಕ್ಷಿ ಹೇಳಿದರು. ಎಲ್ಲರೂ ‘ಆಮೆನ್’ ಅಂದರು. ಕೂಲಿಯ ಮಾತೆತ್ತಿದ ನನಗೆ ಹಿರಿಯರೊಬ್ಬರು, ‘ತಮ್ಮಾ, ಕ್ಷಮೆ ಸಿಗೋದು ಕೃಪೆಯಿಂದ, ಕ್ರಿಯೆಯಿಂದಲ್ಲ’ ಎಂದು ಬುದ್ಧಿ ಹೇಳಿದರು.

ಒಪ್ಪಿದೆ. ಕ್ರಿಸ್ತನ ಬಲಿ ಒಂದೇ ಸಾರಿ, ಎಲ್ಲ ಕಾಲಕ್ಕೂ ಆದದ್ದು ಎಂದು ಇಬ್ರಿಯರಿಗೆ ಬರೆದ ಪತ್ರಿಕೆ ಹೇಳುತ್ತದೆ. ಆದರೆ ಆ ಬಲಿಯ ಭಾಷೆ ಬಂದದ್ದು ಎಲ್ಲಿಂದ? ಯಾಜಕಕಾಂಡದ 6ನೇ ಅಧ್ಯಾಯ ತೆರೆದು ನೋಡಿ. ನೆರೆಯವನಿಗೆ ಮೋಸ ಮಾಡಿದವನು ಪ್ರಾಯಶ್ಚಿತ್ತಕ್ಕೆ ಬಂದರೆ, ಕಿತ್ತುಕೊಂಡದ್ದನ್ನು ಪೂರ್ತಿ ಹಿಂದಿರುಗಿಸಬೇಕು, ಮೇಲೆ ಐದನೆಯ ಒಂದು ಪಾಲು ಸೇರಿಸಬೇಕು. ಒಂದು ಲಕ್ಷ ನುಂಗಿದ್ದರೆ 1,20,000 ರೂಪಾಯಿ. ಯಜ್ಞದ ಟಗರು ಅದರ ಜೊತೆಗೆ, ಅದರ ಬದಲಿಗಲ್ಲ. ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬಾರದೆಂದು ಇದೇ ಗ್ರಂಥದ 19ನೇ ಅಧ್ಯಾಯ ಹೇಳುತ್ತದೆ. ಎರಡು ತಿಂಗಳ ಮಾತು ಬಿಡಿ!

ಹೊಸ ಒಡಂಬಡಿಕೆ ಇದನ್ನು ಅಳಿಸಿತೇ? ಯೆರಿಕೋದ ಸುಂಕದವ ಜಕ್ಕಾಯ ಅರ್ಧ ಆಸ್ತಿ ಬಡವರಿಗೆ, ಮೋಸಮಾಡಿ ಪಡೆದದ್ದಕ್ಕೆ ನಾಲ್ಕರಷ್ಟು ವಾಪಸ್ಸು ಎಂದು ಎದ್ದು ನಿಂತು ಹೇಳಿದ. ಈ ಮನೆಗೆ ಇಂದು ರಕ್ಷಣೆ ಬಂತೆಂದು ಯೇಸು ಹೇಳಿದ್ದು ಅದಾದ ಮೇಲೆ. ಅವನು ರಕ್ಷಣೆಯನ್ನು ಕೊಂಡುಕೊಂಡ ಎಂದಲ್ಲ. ಯೇಸು ತಾನಾಗಿಯೇ ಅವನ ಮನೆಗೆ ಹೊರಟಿದ್ದ. ಕೃಪೆ ಮೊದಲೇ ಬಂದಿತ್ತು. ಬಂದದ್ದು ತಿಜೋರಿಯನ್ನೂ ತೆರೆಸಿತು, ಅಷ್ಟೇ.

ನಮ್ಮ ಬೋಧನೆ ದಾರಿ ತಪ್ಪಿದ್ದು ಲೆಕ್ಕದಲ್ಲಿ. 11ನೇ ಶತಮಾನದ ಕೊನೆಗೆ ಕ್ಯಾಂಟರ್ಬರಿಯ ಅನ್ಸೆಲ್ಮ್, ಪಾಪವೆಂದರೆ ದೇವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸದಿರುವುದು ಎಂದು ವಾದಿಸಿದ. ಆಳವಾದ ವಿಚಾರವೇ. ಆದರೆ ಅದನ್ನು ಅರೆಬರೆ ಕಲಿತು ಪ್ರಸಂಗ ಮಾಡುವವರ ಖಾತೆಯಲ್ಲಿ ಇಬ್ಬರೇ ಉಳಿಯುತ್ತಾರೆ, ದೇವರು ಮತ್ತು ಪಾಪಿ. ಅನ್ಯಾಯಕ್ಕೆ ಒಳಗಾದವನ ಹೆಸರೇ ಇಲ್ಲ. ಅವನನ್ನು ಕರೆಯುವುದು ಕೊನೆಯಲ್ಲಿ, ‘ನೀನೂ ಕ್ಷಮಿಸಿಬಿಡಪ್ಪಾ, ಕ್ರಿಸ್ತನ ಹಾಗೆ ತ್ಯಾಗ ಮಾಡು’ ಎನ್ನಲಿಕ್ಕೆ.

ಇದು ತ್ಯಾಗವಲ್ಲ. ತನ್ನದನ್ನು ತಾನೇ ಬಿಡುವುದು ತ್ಯಾಗ, ಇನ್ನೊಬ್ಬರನ್ನು ಕೊಡುವುದು ಬಲಿ. ‘ಕೆರೆಗೆ ಹಾರ’ದ ಭಾಗೀರಥಿಯನ್ನು ತ್ಯಾಗಮಯಿ ಎಂದು ಹೊಗಳುತ್ತ ಬಂದ ನಾವು, ತೀರ್ಮಾನ ಮಾಡಿದ್ದು ಅವಳ ಮಾವ ಎಂಬುದನ್ನು ಮರೆಯುತ್ತೇವೆ. ಶಿಲುಬೆಗೇರಿದವನು ತನ್ನ ಪ್ರಾಣ ಕೊಟ್ಟ, ಯಾದಗಿರಿಯವರ ಕೂಲಿಯನ್ನಲ್ಲ.

ಆದ್ದರಿಂದ ನಮ್ಮ ಪಾಸ್ಟರುಗಳಲ್ಲಿ ನನ್ನದೊಂದು ಒತ್ತಾಯ. ಸಾಕ್ಷಿ ಹೇಳಲು ಎದ್ದವರನ್ನು ಮೊದಲು ಕೇಳಿ: ಯಾರಿಗೆ ಎಷ್ಟು ಕೊಡಬೇಕು, ಯಾವತ್ತು ಕೊಡುತ್ತೀರಿ? ಇದು ಧರ್ಮಶಾಸ್ತ್ರದ ನೊಗಕ್ಕೆ ಮರಳಿದಂತೆ ಎನ್ನುವವರು ಲೂಕನ 19ನೇ ಅಧ್ಯಾಯವನ್ನು ಆ ಕೂಲಿಗಾರರ ಶೆಡ್ಡಿನಲ್ಲಿ ನಿಂತು ಗಟ್ಟಿಯಾಗಿ ಓದಲಿ.